ಕಾಲುದಾರಿಯ ಹಕ್ಕು

ಮ್ಯಾಂಚೆಸ್ಟರ್ ನಗರದ ಗದ್ದಲವನ್ನು ಹಿಂದಿಕ್ಕಿ ನಾವು ಹನ್ನೊಂದು ಮಂದಿ ಹೇಫೀಲ್ಡ್ ಎಂಬ ಹಳ್ಳಿಯನ್ನು ಸೇರಿದಾಗ ಬೆಳಗಿನ ಒಂಬತ್ತು ಗಂಟೆಯಾಗಿದ್ದಿತು. ಆಗಸ್ಟ್ ತಿಂಗಳಾದರೂ ಗಾಳಿಯಲ್ಲಿ ನಮ್ಮ ಮಾಗಿಯ ಕುಳಿರು. ಗುಂಪಿನಲ್ಲಿ ನಿವೃತ್ತ ಅಂಚೆಯವರೊಬ್ಬರು, ಇಬ್ಬರು ಉಪಾಧ್ಯಾಯಿನಿಯರು, ಉಳಿದವರು ವಿದ್ಯಾರ್ಥಿಗಳು. ಪರದೇಶಿಯೆಂದರೆ ನಾನೊಬ್ಬನೇ.

ನಮ್ಮ ಗುರಿ ಕಿಂಡರ್ ಸ್ಕೌಟ್. ಎತ್ತರ 636 ಮೀಟರು ಮಾತ್ರ. ಮುಳ್ಳಯ್ಯನಗಿರಿಯನ್ನು ಕಂಡ ಕಣ್ಣಿಗೆ ಇದೂ ಒಂದು ಬೆಟ್ಟವೇ ಎಂದು ಒಳಗೊಳಗೇ ನಕ್ಕಿದ್ದೆನೆಂಬುದನ್ನು ಮುಚ್ಚಿಡಲಾರೆ.

ಹಳ್ಳಿಯಾಚೆ ಹಳೆಯ ಕಲ್ಲುಗಣಿಯೊಂದಿದೆ. ಅಲ್ಲಿನ ಫಲಕದ ಮುಂದೆ ಎಲ್ಲರೂ ಮೌನವಾಗಿ ನಿಂತರು. ಒಂದು ಕಾಲಕ್ಕೆ ಈ ಗುಡ್ಡಗಾಡೆಲ್ಲ ಸಿರಿವಂತರು ಗ್ರೌಸ್ ಎಂಬ ಹಕ್ಕಿಯ ಬೇಟೆಯಾಡುವುದಕ್ಕೆ ಮೀಸಲಾಗಿದ್ದಿತು. ವಾರವೆಲ್ಲ ಕಾರ್ಖಾನೆಯ ಹೊಗೆ ಕುಡಿದವರು ಭಾನುವಾರ ಇತ್ತ ಕಾಲಿಟ್ಟರೆ ಕಾವಲುಗಾರರು ಅಟ್ಟುತ್ತಿದ್ದರು. 1932ರ ಏಪ್ರಿಲ್ 24ರಂದು ಕೆಲವು ನೂರು ಮಂದಿ ಈ ಗಣಿಯಲ್ಲಿ ನೆರೆದರು. ಇಪ್ಪತ್ತು ವರ್ಷದ ಬೆನ್ನಿ ರಾಥ್‌ಮನ್ ಬಂಡೆಯ ಮೇಲೆ ನಿಂತು ಮಾತನಾಡಿದನು, ಗುಂಪು ಗುಡ್ಡವನ್ನೇರಿತು. ಕಾವಲುಗಾರರೊಡನೆ ತಳ್ಳಾಟವಾಗಿ ಒಬ್ಬನಿಗೆ ಪೆಟ್ಟಾಯಿತು. ಐವರು ತರುಣರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ ಪ್ರಾಪ್ತವಾಯಿತು.

ಜಲಾಶಯವನ್ನು ಬಳಸಿ, ವಿಲಿಯಂ ಕ್ಲಫ್ ಎಂಬ ತೊರೆಯ ಕಣಿವೆಯನ್ನು ಹಿಡಿದೆವು. ಸುತ್ತಲೂ ಅಲೆಯ ಮೇಲೆ ಅಲೆಯಂತೆ ಗುಡ್ಡಗಳು. ಅವುಗಳ ಮೈಮೇಲೆ ಹೆದರ್ ಪೊದೆಗಳ ನೇರಿಳೆ ಬಣ್ಣದ ಹೂ. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳಲ್ಲಿ ಅಲ್ಲಲ್ಲಿ ಮನುಷ್ಯರು ದಾಟಿ ಕುರಿಗಳು ದಾಟದಂತೆ ಮೆಟ್ಟಿಲುಗಳು. ನಮ್ಮ ಮಲೆನಾಡಿನ ತಡಮೆಯೇ!

ಕಣಿವೆ ಕಿರಿದಾದಂತೆ ದಾರಿ ಕಡಿದಾಯಿತು. 636 ಮೀಟರಿನ ಗುಡ್ಡ ನನ್ನ ನಗೆಗೆ ಉತ್ತರ ಕೊಡತೊಡಗಿತು. ಎಲ್ಲರೂ ಮುಂದಾದರು, ಅಂಚೆಯ ಹಿರಿಯರು ಮಾತ್ರ ನನ್ನ ಬೆನ್ನ ಹಿಂದೆಯೇ ಉಳಿದರು. ನನ್ನಿಂದ ತಡವಾಗುತ್ತಿದೆಯೆಂದು ಸಂಕೋಚಪಟ್ಟಾಗ, “ಕೊನೆಯವರ ಹಿಂದೆ ಒಬ್ಬರು ನಡೆಯುವುದು ನಮ್ಮ ಪದ್ಧತಿ. ಇಂದಿನ ಸರದಿ ನನ್ನದು, ನಿಧಾನವಾಗಿ ನಡೆಯಿರಿ,” ಎಂದರು.

ಮೇಲೇರಿದೊಡನೆ ಮಂಜು ಕವಿಯಿತು. ಕಾಲಡಿಯಲ್ಲಿ ಕೊಳೆತ ಪಾಚಿ ಸಾವಿರಾರು ವರ್ಷ ಕೂಡಿ ಆದ ಕಪ್ಪು ಮಣ್ಣು. ಬಂಡೆಯೊಂದರ ಮರೆಯಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ, ಆ ಸೆರೆವಾಸದಿಂದ ಏನು ಫಲವಾಯಿತೆಂದು ಕೇಳಿದೆ. ಅವರೆಂದರು: ಎಲ್ಲವೂ ಆ ಒಂದೇ ದಿನದಿಂದ ಆಯಿತೆನ್ನುವುದು ಅತಿಶಯೋಕ್ತಿ, ಅದಕ್ಕೆ ಮುಂಚೆಯೇ ಸಂಘಗಳು ದಶಕಗಳ ಕಾಲ ಮನವಿ ಮಾಡಿಕೊಂಡಿದ್ದವು. 1949ರಲ್ಲಿ ಶಾಸನ ಬಂದಿತು. 1951ರಲ್ಲಿ ಈ ಪೀಕ್ ಪ್ರದೇಶವೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾನೂನು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಕ್ಷೆಗೆ ಬಂದ ಬಯಲು ಬೆಟ್ಟಗಳ ಮೇಲೆ ನಡೆದಾಡುವ ಹಕ್ಕನ್ನು ಜನಕ್ಕೆ ಕೊಟ್ಟಿತು. 2002ರಲ್ಲಿ, ಆ ಘಟನೆಯ ಎಪ್ಪತ್ತನೆಯ ವರ್ಷದಂದು, ಅಂದಿನ ಭೂಮಾಲಿಕರ ಮೊಮ್ಮಗ ಡೆವನ್‌ಷೈರ್ ಡ್ಯೂಕ್ ಬಹಿರಂಗವಾಗಿ ಕ್ಷಮೆ ಬೇಡಿದರು.

ನಾನು ಮಾತಾಡಲಿಲ್ಲ. ನಮ್ಮೂರಿನ ನೆನಪು ಬಂದಿದ್ದಿತು. ಬಾಲ್ಯದಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲುದಾರಿಗೆ ಯಾರೋ ಮುಳ್ಳುತಂತಿ ಬಿಗಿದ ವರ್ಷ, ರಜೆಗೆ ಹೋಗಿದ್ದ ನಾನು ಅದನ್ನು ಕಂಡೂ ಸುತ್ತುಬಳಸಿ ನಡೆದೆ. ದಾರಿ ಯಾರದೆಂದು ಕೇಳಲಿಲ್ಲ. ತಡಮೆ ಎಲ್ಲಿ ಹೋಯಿತೆಂದೂ ಕೇಳಲಿಲ್ಲ. ತರಗತಿಯಲ್ಲಿ ಸ್ವಾತಂತ್ರ್ಯವನ್ನು ಕುರಿತು ಎಷ್ಟೋ ಪಾಠ ಹೇಳಿದ್ದೇನೆ!

ದಾರಿಯೆಂಬುದು ನಡೆಯುವವರಿರುವವರೆಗೆ ಮಾತ್ರ ದಾರಿ. ಸಂಜೆ ಇಳಿದು ಬರುವಾಗ ಮಂಜು ಕರಗಿ, ಗುಡ್ಡದ ಕೆಳಗೆ ಹೇಫೀಲ್ಡಿನ ಮಾಡುಗಳು ಕಂಡವು. ಕೊನೆಯ ತಡಮೆಯ ಬಳಿ ನಾನು ನಿಂತು, ಹಿರಿಯರನ್ನು ಮುಂದೆ ಬಿಟ್ಟು, ಹಿಂದೆ ನಡೆದೆ.