ಹಿತ್ತಲ ಶೆಡ್ಡಿನಲ್ಲಿ ಸೈಕಲ್ಲುಗಳನ್ನು ಇಡುವ ಕ್ರಮ

ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲು ಬೆಂಗಳೂರು-ಮೈಸೂರು ಹಳೆಯ ರಸ್ತೆಯ ಮಗ್ಗುಲಿನ ಊರು. ಈ ಭಾಗದ್ದು ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಬೇಸಾಯ. ಇಂಥ ಊರುಗಳಲ್ಲಿ ಮೋಟಾರ್ ಸೈಕಲ್ಲುಗಳು ಎಷ್ಟೇ ಹೆಚ್ಚಿದರೂ ಸೈಕಲ್ಲಿನ ಕೆಲಸ ಮುಗಿದಿಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಸಂಜೆ ಬದುವಿನಿಂದ ಹುಲ್ಲಿನ ಹೊರೆ, ನಡುವೆ ಮಕ್ಕಳ ಶಾಲೆ. 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರವು 2006-07ರಲ್ಲಿ ಪ್ರಾರಂಭಿಸಿದ ಮೇಲೆ, ಅಕ್ಕನದೊಂದು, ತಮ್ಮನದೊಂದು, ಅಪ್ಪನ ಹಳೆಯದೊಂದು ಎಂದು ಒಂದೇ ಮನೆಯಲ್ಲಿ ಮೂರು ನಾಲ್ಕು ಸೈಕಲ್ಲುಗಳು ಸೇರಿರುವುದುಂಟು.

ಆದರೆ ಮನೆ ಕಟ್ಟುವಾಗ ಅವುಗಳಿಗೆಂದು ಜಾಗ ಬಿಟ್ಟವರು ವಿರಳ. ನೇಗಿಲು, ಸ್ಪ್ರೇಯರು, ಗೊಬ್ಬರದ ಚೀಲಗಳಿರುವ ಹಿತ್ತಲ ಶೆಡ್ಡಿನೊಳಗೆ ಒಂದಕ್ಕೊಂದು ಒರಗಿಸಿ ಬಾಗಿಲು ಎಳೆದುಕೊಳ್ಳುವುದೇ ರೂಢಿ. ಒಂದರ ಪೆಡಲು ಇನ್ನೊಂದರ ಚಕ್ರದ ಕಡ್ಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿನದನ್ನು ಎಳೆದರೆ ಹೊರಗಿನವು ಸಾಲಾಗಿ ಉರುಳುತ್ತವೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಹೀಗೆ ಬಿದ್ದಿದ್ದ ಸೈಕಲ್ಲನ್ನು ಶಾಲೆ ತೆರೆಯುವ ದಿನ ಹೊರಗೆ ತೆಗೆದಾಗ ಚೈನು ಬಿಗಿದಿರುತ್ತದೆ, ಟಯರಿನ ಪಕ್ಕ ಬಿರಿದಿರುತ್ತದೆ. ದೂರದ ಹೈಸ್ಕೂಲಿಗೆ ಹೋಗಬೇಕಾದ ಹುಡುಗಿ ಅಂದು ನಡೆದು ಹೋಗಬೇಕು, ಇಲ್ಲವೆ ಮನೆಯಲ್ಲಿ ಉಳಿಯಬೇಕು. ಓಡಾಟದಿಂದ ಸೈಕಲ್ಲು ಸವೆಯುವುದು ಸಹಜ; ನಿಂತಲ್ಲಿಯೇ ಕೆಡುವುದು ಮಾತ್ರ ತಪ್ಪಿಸಬಹುದಾದ ನಷ್ಟ.

ಗೊಬ್ಬರದ ನೆರೆ ಬೇಡ

ಶೆಡ್ಡಿನಲ್ಲಿ ಸೈಕಲ್ಲಿಗೆ ಮುಖ್ಯ ಶತ್ರು ಮಳೆಯ ನೀರಲ್ಲ, ಪಕ್ಕದ ಗೊಬ್ಬರದ ಚೀಲ. ಈ ಮಾತು ಅನೇಕರಿಗೆ ವಿಚಿತ್ರವಾಗಿ ಕಾಣಬಹುದು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಎರಡೂ ಬೇಕು. ರಾಸಾಯನಿಕ ಗೊಬ್ಬರಗಳು ಗಾಳಿಯಿಂದಲೇ ಆ ನೀರನ್ನು ಹೀರಿ ತರುತ್ತವೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 73ನ್ನು ದಾಟಿದರೆ ಯೂರಿಯಾ ನೀರೊಡೆಯಲು ತೊಡಗುತ್ತದೆ. ಅಮೋನಿಯಂ ಸಲ್ಫೇಟಿಗೆ ಈ ಮಿತಿ ಸುಮಾರು 79, ಮ್ಯೂರಿಯೇಟ್ ಆಫ್ ಪೊಟ್ಯಾಷಿಗೆ ಸುಮಾರು 84. ಮಳೆಗಾಲದ ಬೆಳಗಿನ ಹೊತ್ತು ನಾಲೆಯ ಬಯಲಿನಲ್ಲಿ ಇಷ್ಟು ತೇವ ಸಾಮಾನ್ಯ. ಹೀಗೆ ಕರಗಿದ ಗೊಬ್ಬರದ ಧೂಳು ರಿಮ್ಮು, ಚೈನುಗಳ ಮೇಲೆ ತೆಳುವಾದ ಉಪ್ಪುನೀರಿನ ಪದರವಾಗಿ ನಿಲ್ಲುತ್ತದೆ. ಪೊಟ್ಯಾಷಿನ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡ್ ಇರುವುದರಿಂದ ಅದರ ಹಾವಳಿ ಹೆಚ್ಚು. ಹೊಳಪಿನ ಲೇಪದಲ್ಲಿ ಸಣ್ಣ ಗೀರು ಸಿಕ್ಕರೂ ಸಾಕು, ಅಲ್ಲಿಂದ ಒಳಕ್ಕೆ ಇಳಿಯುತ್ತದೆ. ಗೊಬ್ಬರದ ಚೀಲ ಹೊತ್ತ ಸೈಕಲ್ಲಿನಲ್ಲಿ ಕ್ಯಾರಿಯರ್ ಬೇಗ ತುಕ್ಕು ಹಿಡಿಯಲು ಕಾರಣ ಇದೇ.

ಆದಕಾರಣ ಗೊಬ್ಬರ ಹೊತ್ತು ತಂದ ದಿನ ಕ್ಯಾರಿಯರನ್ನು ಬರಿಯ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಳಗಿಡಬೇಕು. ಯೂರಿಯಾದ ಖಾಲಿ ಚೀಲವನ್ನು ಸೈಕಲ್ಲಿಗೆ ಹೊದಿಸುವ ಪದ್ಧತಿಯನ್ನು ಬಿಡುವುದು ಲೇಸು. ಚೀಲವನ್ನು ಎಷ್ಟು ಕೊಡವಿದರೂ ಹೊಲಿಗೆಯ ಸಂದಿನಲ್ಲಿ ಕಾಳು ಉಳಿದಿರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಹೋಗದೆ ಬೆವರುತ್ತದೆ. ಹಳೆಯ ಹತ್ತಿ ಸೀರೆಯೋ ದುಪ್ಪಟಿಯೋ ಸಾಕು.

ಶೆಡ್ಡು ಒಂದೇ ಇದ್ದರೆ ಗೊಬ್ಬರವನ್ನು ಸೈಕಲ್ಲಿನ ಎದುರು ಮೂಲೆಯಲ್ಲಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಿ, ಒಡೆದ ಚೀಲದ ಬಾಯನ್ನು ಬಿಗಿಯಾಗಿ ಕಟ್ಟಬೇಕು. ಇದರಿಂದ ಗೊಬ್ಬರವೂ ಗಟ್ಟಿಕಟ್ಟುವುದಿಲ್ಲ. ದನದ ಕೊಟ್ಟಿಗೆಯಲ್ಲಿ ಗಂಜಲದ ತೇವ ಸದಾ ಇರುವುದರಿಂದ ಅಲ್ಲಿ ಸೈಕಲ್ಲು ಇಡದಿರುವುದು ಉತ್ತಮ. ಡೀಸೆಲ್ ಎಂಜಿನ್ನು ಇರುವ ಪಂಪಿನ ಮನೆಯಲ್ಲಿ ಟಯರುಗಳಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಬೇಕು. ಡೀಸೆಲ್, ಸೀಮೆಎಣ್ಣೆ ತಗಲಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಜಾಗದ ಲೆಕ್ಕ

ಸಾಮಾನ್ಯ ದೊಡ್ಡ ಸೈಕಲ್ಲಿನ ಉದ್ದ 6 ಅಡಿಗಿಂತ ಸ್ವಲ್ಪ ಹೆಚ್ಚು, ಹ್ಯಾಂಡಲಿನ ಅಗಲ ಸುಮಾರು 2 ಅಡಿ. ಎಲ್ಲವನ್ನೂ ಒಂದೇ ಕಡೆ ಮುಖ ಮಾಡಿ ನಿಲ್ಲಿಸಿದರೆ ನಾಲ್ಕಕ್ಕೆ 8 ಅಡಿ ಬೇಕು. ಒಂದನ್ನು ಗೋಡೆಗೆ ಮುಖವಾಗಿ, ಮುಂದಿನದನ್ನು ಗೋಡೆಗೆ ಬೆನ್ನಾಗಿ ನಿಲ್ಲಿಸಿದರೆ ಒಂದರ ಹ್ಯಾಂಡಲ್ ಇನ್ನೊಂದರ ಕ್ಯಾರಿಯರಿನ ಪಕ್ಕಕ್ಕೆ ಬರುತ್ತದೆ. ಆಗ ಒಂದೂವರೆ ಅಡಿಗೆ ಒಂದರಂತೆ 6 ಅಡಿಯಲ್ಲಿ ನಾಲ್ಕೂ ನಿಲ್ಲುತ್ತವೆ. ಒಳಗೆ 10 ಅಡಿ ಉದ್ದ, 8 ಅಡಿ ಅಗಲವಿರುವ ಶೆಡ್ಡಿನಲ್ಲಿ ಹೀಗೆ 10 ಅಡಿಯ ಗೋಡೆಗೆ ಅಡ್ಡಲಾಗಿ ನಿಲ್ಲಿಸಿದರೆ ಬಾಗಿಲ ಕಡೆ 4 ಅಡಿ ಅಗಲದ ಜಾಗ ಉಪಕರಣಗಳಿಗೂ ಓಡಾಟಕ್ಕೂ ಉಳಿಯುತ್ತದೆ. ಪ್ರತಿದಿನ ಹಾಲು ಹೊರುವ ಸೈಕಲ್ಲು ಬಾಗಿಲ ಬಳಿ, ಅಪರೂಪಕ್ಕೆ ಬೇಕಾಗುವುದು ಒಳಗೆ ಇರಬೇಕು. ಇದು ಹೇಳಬೇಕಾದ ಮಾತೇ ಅಲ್ಲ ಎನಿಸಿದರೂ ಹೆಚ್ಚಿನ ಶೆಡ್ಡುಗಳಲ್ಲಿ ಉಲ್ಟಾ ಇರುತ್ತದೆ.

ಚಕ್ರ ಸರಿಯದಂತೆ ನೆಲದ ಮೇಲೆ ಒಂದು ಹಲಗೆ ಹಾಸಿ, ಪ್ರತಿ ಸೈಕಲ್ಲಿಗೂ ಎರಡೆರಡು ಮರದ ರೀಪುಗಳನ್ನು ಸಮನಾಂತರವಾಗಿ ಹೊಡೆಯಬೇಕು. ಒಂದೂವರೆ ಅಂಗುಲದ ಟಯರಿಗೆ 2 ಅಂಗುಲ ಸಂದು ಸಾಕು. ಈಗಿನ ಹುಡುಗರ ದಪ್ಪ ಟಯರಿನ ಸೈಕಲ್ಲಿಗೆ ಎರಡೂವರೆಯಿಂದ 3 ಅಂಗುಲ ಬೇಕು. ರೀಪು ಕನಿಷ್ಠ 2 ಅಡಿ ಉದ್ದವಿರಲಿ. ಗಿಡ್ಡ ಸಂದಿನಲ್ಲಿ ಚಕ್ರದ ತುದಿಯನ್ನಷ್ಟೇ ಸಿಕ್ಕಿಸಿದರೆ ಸೈಕಲ್ಲು ವಾಲಿದಾಗ ಪೂರ್ತಿ ಭಾರ ಕಡ್ಡಿಗಳ ಮೇಲೆ ಬಿದ್ದು ರಿಮ್ಮು ಸೊಟ್ಟಗಾಗುತ್ತದೆ. ರೀಪು ಇದ್ದರೂ ಸ್ಟ್ಯಾಂಡು ಹಾಕುವುದನ್ನು ಮರೆಯಬಾರದು.

ಕೆಲವರು ಸೈಕಲ್ಲನ್ನು ಕೊಕ್ಕೆಗೆ ನೇತುಹಾಕುವುದನ್ನು ಪೇಟೆಯಲ್ಲಿ ನೋಡಿ ಬಂದು ಕೇಳುತ್ತಾರೆ. ಹಗುರವಾದ ಮಕ್ಕಳ ಸೈಕಲ್ಲಿಗೆ ಇದು ಸರಿ. ಹಾಲಿನ ಕ್ಯಾನು ಹೊರುವ ಹಳೆಯ ಸೈಕಲ್ಲು 20 ಕಿಲೋ ತೂಗುವಂಥದು. ಅದನ್ನು ದಿನಕ್ಕೆರಡು ಸಲ ಎತ್ತಿ ಇಳಿಸುವ ಶ್ರಮ ಯಾರಿಗೂ ಬೇಡ. ನೇತುಹಾಕುವುದಾದರೆ ಕೊಕ್ಕೆಯನ್ನು ಹೆಂಚಿನ ಕೆಳಗಿನ ರೀಪಿಗೆ ಹಾಕದೆ ತೊಲೆಗೆ ಇಲ್ಲವೆ ಗಟ್ಟಿ ಗೋಡೆಗೆ ಹಾಕಬೇಕು. ರಿಮ್ಮಿಗೆ ಗೀರು ಬೀಳದಂತೆ ಕೊಕ್ಕೆಗೆ ಹಳೆಯ ಟ್ಯೂಬಿನ ತುಂಡು ತೊಡಿಸಬೇಕು. ಕರು ಕಟ್ಟುವ ಜಾಗದ ಮೇಲೆ, ಮಕ್ಕಳು ಆಡುವ ಕಡೆ ಎಂದಿಗೂ ತೂಗುಹಾಕತಕ್ಕದ್ದಲ್ಲ.

ಶೆಡ್ಡಿನ ನೆಲ ಹಿತ್ತಲ ಮಟ್ಟಕ್ಕಿಂತ ಅರ್ಧ ಅಡಿ ಎತ್ತರದಲ್ಲಿದ್ದು ಬಾಗಿಲ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಸೂರಿನ ಕೆಳಗೆ ಗಾಳಿಕಿಂಡಿ ಬಿಟ್ಟು ಅರ್ಧ ಅಂಗುಲ ಕಣ್ಣಿನ ತಂತಿಬಲೆ ಹೊಡೆಯಬೇಕು. ಭತ್ತದ ಮೂಟೆಯೂ ಅಲ್ಲಿಯೇ ಇದ್ದರೆ ಇಲಿ ಬರುವುದು ಖಂಡಿತ. ಇಲಿ ಭತ್ತದೊಡನೆ ಸೀಟನ್ನೂ ಕಡಿಯುತ್ತದೆ.

ಬೀಗ

ಹಿಂದಿನ ಚಕ್ರದ ಬೀಗವನ್ನೇ ನಂಬುವುದು ದೊಡ್ಡ ತಪ್ಪು. ಅದು ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು ಹೊತ್ತುಕೊಂಡು ಹೋಗುವವನನ್ನು ತಡೆಯುವುದಿಲ್ಲ. ಗೋಡೆಯಲ್ಲಿ, ಇಲ್ಲವೆ ನೆಲದ ಕಾಂಕ್ರೀಟಿನಲ್ಲಿ ಒಂದು ದಪ್ಪ ಕಬ್ಬಿಣದ ಬಳೆಯನ್ನು ಹೂಳಿ, ಒಂದು ಉದ್ದ ಸರಪಳಿಯನ್ನು ಎಲ್ಲ ಸೈಕಲ್ಲುಗಳ ಫ್ರೇಮಿನ ತ್ರಿಕೋನದೊಳಗಿಂದ ಹಾಯಿಸಿ, ಎರಡು ತುದಿಗಳನ್ನೂ ಆ ಬಳೆಗೆ ಸೇರಿಸಿ ಒಂದೇ ಬೀಗ ಹಾಕಬಹುದು. ಚಕ್ರದ ಮೂಲಕ ಮಾತ್ರ ಹಾಯಿಸಿದರೆ ಚಕ್ರ ಉಳಿದು ಸೈಕಲ್ಲು ಹೋಗುವ ಸಂಭವವುಂಟು. ನಸುಕಿನಲ್ಲಿ ಹಾಲಿಗೆ ಹೋಗುವ ಸೈಕಲ್ಲನ್ನು ಮಾತ್ರ ಈ ಸರಪಳಿಗೆ ಸೇರಿಸದೆ ಬಳೆಗೆ ಬೇರೆ ಬೀಗದಿಂದ ಕಟ್ಟುವುದು ಮೇಲು. ಇಲ್ಲವಾದರೆ ದಿನವೂ ಸರಪಳಿ ಬಿಚ್ಚುವ ಬೇಸರಕ್ಕೆ ನಾಲ್ಕು ದಿನದಲ್ಲಿ ಬೀಗವನ್ನೇ ಬಿಟ್ಟುಬಿಡುತ್ತಾರೆ. ಬಾಗಿಲಿನ ತಿರುಗಣಿ, ಚಿಲಕಗಳಿಗೆ ತಿರುಪು ಮೊಳೆಯ ಬದಲು ಬೋಲ್ಟು ಹಾಕಿ ನಟ್ಟನ್ನು ಒಳಗಡೆ ಬಿಗಿಯುವುದರಿಂದ ಹೊರಗಿನಿಂದ ಬಿಚ್ಚುವುದು ಕಷ್ಟವಾಗುತ್ತದೆ.

ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಅಥವಾ ಸೀಟಿನ ಕೆಳಗಿನ ಕೊಳವೆಯ ಮೇಲೆ ಫ್ರೇಮಿನ ನಂಬರು ಕೊರೆದಿರುತ್ತದೆ. ಮಣ್ಣು ಒರೆಸಿ, ಒಂದೊಂದು ಸೈಕಲ್ಲಿನ ನಂಬರನ್ನೂ ಬಣ್ಣವನ್ನೂ ಪಹಣಿ, ಪಾಸ್‌ಬುಕ್ಕುಗಳಿರುವ ಪೆಟ್ಟಿಗೆಯಲ್ಲಿ ಬರೆದಿಡಬೇಕು. ಕಳುವಾದಾಗ ಠಾಣೆಯಲ್ಲಿ ದೂರು ಬರೆಸಲು, ಸಿಕ್ಕ ಸೈಕಲ್ಲು ತನ್ನದೇ ಎಂದು ತೋರಿಸಲು ಈ ನಂಬರು ಬೇಕಾಗುತ್ತದೆ.

ರಜೆಗೆ ಶಾಲೆ ಮುಚ್ಚಿದ ವಾರವೇ ಮಕ್ಕಳ ಸೈಕಲ್ಲುಗಳ ಚೈನು ಒರೆಸಿ ಎಣ್ಣೆ ಬಿಟ್ಟು, ಬಣ್ಣ ಹೋದ ಕಡೆ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು, ಗಾಳಿ ತುಂಬಿ ಒಳಗಿಡುವುದು. ತಿಂಗಳಿಗೊಮ್ಮೆ ಗಾಳಿ ನೋಡಿ ಪುನಃ ತುಂಬುವ ಕೆಲಸವನ್ನು ಆ ಮಕ್ಕಳಿಗೇ ವಹಿಸಬಹುದು.