‘ಮಗು ಎಲ್ಲಿ?’ ಅಂತ ಕೇಳುವ ಮೊದಲು

ಇವತ್ತು ಪ್ಯಾನೆಲ್ ಇಲ್ಲ, ಜಗಳ ಇಲ್ಲ. ವಿಷಯ ಎದೆಹಾಲು. ದಯವಿಟ್ಟು ಚಾನೆಲ್ ಬದಲಾಯಿಸಬೇಡಿ, ಅದರಲ್ಲೂ ಗಂಡಸರು.

ನಾನಿರೋದು ಪಟ್ಟಂದೂರು ಅಗ್ರಹಾರದಲ್ಲಿ. ಹೆಸರು ಕೇಳಿದರೆ ಹಳೇ ಕಾಲದ ಊರು, ಮೆಟ್ರೋ ಇಳಿದರೆ ಪಕ್ಕದಲ್ಲೇ ಐಟಿಪಿಎಲ್. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಸ್ಟೇಷನ್ನಿನ ಮೆಟ್ಟಿಲು ಇಳಿಯುವ ಹೆಣ್ಣುಮಕ್ಕಳನ್ನು ಗಮನಿಸಿ. ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪು, ಕೈಯಲ್ಲಿ ಊಟದ ಬ್ಯಾಗು. ಕೆಲವರ ಹತ್ತಿರ ಮೂರನೆಯದೊಂದು ಸಣ್ಣ ಬ್ಯಾಗ್ ಇರುತ್ತದೆ. ಅದರಲ್ಲಿರುವುದು ಬ್ರೆಸ್ಟ್ ಪಂಪ್. ಮಗಳು ಹುಟ್ಟಿದ ಮೇಲೆ ನಾನೂ ಆ ಬ್ಯಾಗ್ ಹೊತ್ತವಳೇ.

ಮಗಳಿಗೆ ಏಳು ತಿಂಗಳಾಗಿದ್ದಾಗ ಬೇರೆ ರಾಜ್ಯದ ಚುನಾವಣೆ ವರದಿಗೆ ಮೂರು ದಿನ ಹೋಗಬೇಕಾಯಿತು. ಮಗುವನ್ನು ಅಮ್ಮನ ಹತ್ತಿರ ಬಿಟ್ಟೆ. ಅಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಪಂಪ್ ಮಾಡಿ, ಹೋಟೆಲಿನವರ ಫ್ರೀಜರ್‌ನಲ್ಲಿ ಹನ್ನೊಂದು ಪೊಟ್ಟಣ ಹಾಲು ಗಟ್ಟಿ ಮಾಡಿಟ್ಟೆ. ವಾಪಸ್ ಬರುವ ದಿನ ಅದನ್ನೆಲ್ಲ ಐಸ್ ಪ್ಯಾಕ್ ಜೊತೆ ಥರ್ಮಲ್ ಬ್ಯಾಗಿಗೆ ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಬಂದೆ. ಯಾವ ಊರಿನದು ಅನ್ನೋದು ಬೇಡ.

ಸ್ಕ್ಯಾನರ್ ಹತ್ತಿರ ಬ್ಯಾಗ್ ತಡೆದರು. ‘ಇದೇನು?’ ಅಂದರು. ‘ಹಾಲು’ ಅಂದೆ. ‘ಯಾರಿಗೆ?’ ‘ಮಗುವಿಗೆ.’ ‘ಮಗು ಎಲ್ಲಿ?’

ಬೆಂಗಳೂರಿನಲ್ಲಿ, ಅಂದೆ. ‘ಮಗು ಇಲ್ಲದೆ ಹಾಲು ಯಾಕೆ?’ ಅಂತ ಕೇಳಿದರು. ಹಿಂದೆ ಉದ್ದದ ಸಾಲು. ಸ್ಟುಡಿಯೋದಲ್ಲಿ ಮಂತ್ರಿಗಳಿಗೆ ಮಾತಾಡಲು ಬಿಡಲ್ಲ ಅಂತ ಬೈಸಿಕೊಳ್ಳುವ ನಾನು, ಅಲ್ಲಿ ‘ಎದೆಹಾಲು’ ಅನ್ನೋ ಒಂದು ಪದ ಬಾಯಿ ಬಿಟ್ಟು ಹೇಳಲಿಲ್ಲ. ಕೊನೆಗೆ ಅವರು ಹಾಲು ಬಿಟ್ಟರು. ‘ಜೆಲ್ ಬಿಡೋ ಹಾಗಿಲ್ಲ’ ಅಂತ ಐಸ್ ಪ್ಯಾಕ್‌ಗಳನ್ನು ತೆಗೆದು ಡಬ್ಬಿಗೆ ಹಾಕಿದರು.

ವಿಮಾನ ಒಂದೂವರೆ ಗಂಟೆ ತಡ. ದೇವನಹಳ್ಳಿಯಿಂದ ಮನೆಗೆ ಸಂಜೆ ಟ್ರಾಫಿಕ್‌ನಲ್ಲಿ ಎರಡು ಗಂಟೆ. ಬ್ಯಾಗ್ ತೆರೆದಾಗ ನಡುವಿನ ನಾಲ್ಕು ಪೊಟ್ಟಣ ಮಾತ್ರ ತಣ್ಣಗಿದ್ದವು. ಉಳಿದ ಏಳು ಉಗುರುಬೆಚ್ಚಗಾಗಿದ್ದವು. ಸಿಂಕಿಗೆ ಸುರಿಯಲು ಅಮ್ಮ ಬಿಡಲಿಲ್ಲ. ‘ಎದೆಹಾಲು ಮೋರಿಗೆ ಹಾಕ್ತಾರೇನೇ?’ ಅಂತ ಬಾಲ್ಕನಿಯ ದಾಸವಾಳದ ಬುಡಕ್ಕೆ ಹಾಕಿದರು.

ಬೈದಾಡೋಕೆ ಇದನ್ನು ಹೇಳುತ್ತಿಲ್ಲ. ಇಂಜಿನಿಯರಿಂಗ್ ಓದಿದ ತಪ್ಪಿಗೆ, ಎಲ್ಲಿ ಕೆಟ್ಟಿತು ಅಂತ ಬಿಚ್ಚಿ ನೋಡೋ ಚಟ ನನಗೆ. ಹಾಗಾಗಿ ಬಿಚ್ಚಿ ನೋಡೋಣ.

ಮೊದಲನೇ ಪ್ರಶ್ನೆ. ಮೂರು ದಿನ ತಾನೇ, ಸುಮ್ಮನಿರಬಾರದಾ? ಆಗಲ್ಲ. ಎದೆಹಾಲು ಟ್ಯಾಂಕಿನಲ್ಲಿ ತುಂಬಿಟ್ಟ ನೀರಲ್ಲ. ಖಾಲಿಯಾದಷ್ಟೂ ದೇಹ ತಯಾರಿಸುತ್ತದೆ, ಖಾಲಿಯಾಗದಿದ್ದರೆ ನಿಲ್ಲಿಸುತ್ತಾ ಹೋಗುತ್ತದೆ. ಅದಕ್ಕೂ ಮೊದಲು ಎದೆ ಕಲ್ಲಿನಂತೆ ಗಟ್ಟಿಯಾಗಿ, ಬಾವು ಬಂದು, ಚಳಿಜ್ವರ ಬರಬಹುದು. ಪಂಪ್ ಮಾಡೋದು ಶೋಕಿಯಲ್ಲ. ಹಾಗೆ ತೆಗೆದ ಹಾಲನ್ನು ಮಗುವಿಗೆ ತಲುಪಿಸೋದು ಅಥವಾ ಚೆಲ್ಲೋದು, ಇರುವುದು ಈ ಎರಡೇ ದಾರಿ.

ಎರಡನೆಯದು ಕಾನೂನಿನ ಲೆಕ್ಕ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಾಯಿತು. ಒಳ್ಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು. ರಜೆ ಆರು ತಿಂಗಳಿಗೆ ಮುಗಿಯುತ್ತದೆ, ಹಾಲೂಡಿಸುವುದು ಇನ್ನೂ ಹದಿನೆಂಟು ತಿಂಗಳಿರುತ್ತದೆ. ಆ ಹದಿನೆಂಟು ತಿಂಗಳಲ್ಲಿ ಕ್ಲೈಂಟ್ ಮೀಟಿಂಗಿಗೆ ಪುಣೆಗೋ ಸಿಂಗಪುರಕ್ಕೋ ಹೋಗು ಅಂದರೆ, ಆಫೀಸಿನ ಕೊಠಡಿ ಹಿಂದೆ ಬರುತ್ತದೆಯೇ?

ಮೂರನೆಯದು ಆ ಸ್ಕ್ಯಾನರ್. ಇಲ್ಲಿ ಸಿಬ್ಬಂದಿಯ ಪರವಾಗಿಯೂ ಮಾತಾಡಬೇಕು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಒಂದು ಸಂಚು ಬಯಲಾಯಿತು. ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ದ್ರವ ತುಂಬಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಯೋಜನೆ ಅದು. 100 ಮಿ.ಲೀ. ನಿಯಮ ಹುಟ್ಟಿದ್ದು ಅದರಿಂದಲೇ. ಮಾಮೂಲಿ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಲೋಹ ನೀಲಿ, ಸಾವಯವ ವಸ್ತು ಕಿತ್ತಳೆ. ನೀರು, ಹಾಲು, ಆ ಅಪಾಯಕಾರಿ ದ್ರವ ಎಲ್ಲವೂ ಹೆಚ್ಚುಕಮ್ಮಿ ಒಂದೇ ಕಿತ್ತಳೆ. ಹಾಗಾಗಿ ಬ್ಯಾಗ್ ತೆಗೆಸಿ ನೋಡುವುದು ತಪ್ಪಲ್ಲ, ಅದು ಅವರ ಕೆಲಸ. ಅಂದಹಾಗೆ, ಎಕ್ಸ್‌ರೇಯಿಂದ ಹಾಲು ಕೆಡಲ್ಲ. ಕಿರಣ ಹಾದು ಹೋಗುತ್ತದೆ, ಹಾಲಿನಲ್ಲಿ ಉಳಿಯುವುದಿಲ್ಲ.

ಮಗುವಿನ ಹಾಲಿಗೆ ಆಗಲೂ ವಿನಾಯಿತಿ ಇತ್ತು. 2006ರ ಆ ಮೊದಲ ದಿನಗಳಲ್ಲಿ ಬ್ರಿಟನ್ನಿನಲ್ಲಿ, ಜೊತೆಗಿದ್ದವರು ಪ್ರತಿ ಬಾಟಲಿಯ ರುಚಿ ನೋಡಿ ತೋರಿಸಬೇಕಿತ್ತು. ಎಡವಟ್ಟು ಇರುವುದು ಬೇರೆ ಕಡೆ. ವಿನಾಯಿತಿ ಬರೆದವರ ಕಣ್ಣ ಮುಂದಿದ್ದದ್ದು ಮಗುವನ್ನು ಎತ್ತಿಕೊಂಡ ತಾಯಿ. ‘ಶಿಶು ಜೊತೆಗಿದ್ದರೆ’ ಎಂಬ ಷರತ್ತನ್ನು ಸೇರಿಸಿಬಿಟ್ಟರು. ಯೋಚನೆ ಮಾಡಿ. ಮಗು ಮಡಿಲಲ್ಲೇ ಇದ್ದರೆ ಹನ್ನೊಂದು ಪೊಟ್ಟಣ ಯಾಕೆ ಹೊರಬೇಕು? ಹಾಲು ಹೊತ್ತು ಬರುವುದೇ ಮಗು ಜೊತೆಗಿಲ್ಲದ ತಾಯಿ. ಯಾರಿಗೆ ವಿನಾಯಿತಿ ಹೆಚ್ಚು ಬೇಕೋ ಅವರನ್ನೇ ಹೊರಗಿಟ್ಟ ನಿಯಮ ಇದು!

2016ರ ಏಪ್ರಿಲ್‌ನಲ್ಲಿ ಹೀಥ್ರೂ ನಿಲ್ದಾಣದಲ್ಲಿ ಆಗಿದ್ದೂ ಇದೇ. ಕಚೇರಿ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಅಮೆರಿಕದ ಒಬ್ಬ ತಾಯಿ ಸುಮಾರು 15 ಲೀಟರ್ ಎದೆಹಾಲನ್ನು ಅಲ್ಲೇ ಬಿಟ್ಟು ಹೋಗಬೇಕಾಯಿತು. ಕಾರಣ, ಮಗು ಜೊತೆಗಿಲ್ಲ. ಬ್ರಿಟನ್ ಈಗ ಆ ಷರತ್ತು ಕೈಬಿಟ್ಟಿದೆ. ಒಂದು ಪಾತ್ರೆಯಲ್ಲಿ 2 ಲೀಟರ್‌ವರೆಗೆ ಎದೆಹಾಲನ್ನು ಮಗು ಇಲ್ಲದೆಯೂ ಒಯ್ಯಬಹುದು. ಆದರೆ ಗಟ್ಟಿಯಾದ ಹಾಲನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಅದು ಲಗೇಜಿಗೆ ಹೋಗಬೇಕು. ಅಮೆರಿಕದಲ್ಲಿ ಹಾಲು, ಪಂಪ್, ಐಸ್ ಪ್ಯಾಕ್ ಮೂರಕ್ಕೂ ಅವಕಾಶವಿದೆ, ಮಗು ಇರಬೇಕಿಲ್ಲ. ಇದನ್ನು ಭದ್ರತಾ ಸಿಬ್ಬಂದಿಗೆ ಕಲಿಸಲೇಬೇಕು ಅಂತ 2016ರಲ್ಲೇ ಅಲ್ಲಿ ಕಾನೂನು ಮಾಡಿದರು.

ನಮ್ಮಲ್ಲಿ ಆಗಲ್ಲ ಅನ್ನಬೇಡಿ. 2020ರಲ್ಲಿ, ಕೊರೊನಾ ಕಾಲದಲ್ಲೇ ಆಗಿದೆ. ಲೇಹ್‌ನಲ್ಲಿ ಹುಟ್ಟಿದ ಒಂದು ಗಂಡುಮಗುವಿಗೆ ಅನ್ನನಾಳದ ತೊಂದರೆ. ಶಸ್ತ್ರಚಿಕಿತ್ಸೆಗೆ ದೆಹಲಿಗೆ ಕರೆತಂದರು, ತಾಯಿ ಲೇಹ್‌ನಲ್ಲೇ ಉಳಿದರು. ತಂದೆ ಕೆಲಸದಲ್ಲಿದ್ದದ್ದು ನಮ್ಮ ಮೈಸೂರಿನಲ್ಲಿ. ಅವರು ದೆಹಲಿಗೆ ಹೋದರು. ಸುಮಾರು ಒಂದು ತಿಂಗಳು ದಿನವೂ ತಾಯಿಯ ಹಾಲು ಲೇಹ್‌ನಿಂದ ವಿಮಾನದಲ್ಲಿ ಬಂತು. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಗೆಳೆಯರು, ಗುರುತಿಲ್ಲದ ಪ್ರಯಾಣಿಕರು ಡಬ್ಬಿ ತಂದುಕೊಟ್ಟರು. ಮಗು ಗುಣವಾಯಿತು. ಆ ಹಾಲಿನ ಜೊತೆ ಮಗುವೂ ಇರಲಿಲ್ಲ, ತಾಯಿಯೂ ಇರಲಿಲ್ಲ!

ಈಗ ಉಪಯೋಗಕ್ಕೆ ಬರುವ ಮಾತು. ತಾಜಾ ಎದೆಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಗಟ್ಟಿ ಐಸ್ ಪ್ಯಾಕ್ ಇರುವ ಥರ್ಮಲ್ ಬ್ಯಾಗಿನಲ್ಲಿ 24 ಗಂಟೆ ಇರುತ್ತದೆ. ಫ್ರೀಜರ್‌ನಲ್ಲಿ 6 ತಿಂಗಳು ಇಡಬಹುದು. ಕರಗಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಿ. ಮತ್ತೆ ಗಟ್ಟಿ ಮಾಡಬೇಡಿ.

ದೇಶದೊಳಗಿನ ವಿಮಾನಕ್ಕೆ ನೀರಿನ ಬಾಟಲಿ ಒಯ್ಯುತ್ತೀರಲ್ಲ, 100 ಮಿ.ಲೀ. ಲೆಕ್ಕ ಕಾಡುವುದು ಹೆಚ್ಚಾಗಿ ವಿದೇಶ ಪ್ರಯಾಣದಲ್ಲಿ. ಏನೇ ಇರಲಿ, ಹೊರಡುವ ಮುಂಚೆ ವಿಮಾನ ಕಂಪನಿಗೆ ಇಮೇಲ್ ಮಾಡಿ, ಅವರ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪೊಟ್ಟಣಗಳ ಮೇಲೆ ತಾರೀಖು ಬರೆಯಿರಿ. ಐಸ್ ಪ್ಯಾಕ್ ಕಲ್ಲಿನಂತೆ ಗಟ್ಟಿಯಾಗಿರಲಿ, ಕರಗಿದರೆ ಅದೂ ದ್ರವವೇ. ಬೇರೆ ಟ್ರೇಯಲ್ಲಿಟ್ಟು ಮೊದಲೇ ಹೇಳಿ. ಪೊಟ್ಟಣ ಬಿಚ್ಚಬೇಡಿ, ಹೊರಗಿನಿಂದ ಒರೆಸಿ ಪರೀಕ್ಷೆ ಮಾಡಿ ಅಂತ ಕೇಳಿ. ತಕರಾರಾದರೆ ಮೇಲಿನ ಅಧಿಕಾರಿಯನ್ನು ಕರೆಸಲು ಹೇಳಿ. ಹಾಲು ತುಂಬಾ ಇದ್ದರೆ ಗಟ್ಟಿ ಮಾಡಿ ಲಗೇಜಿಗೆ ಹಾಕುವುದೇ ವಾಸಿ. ಪಂಪಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಇಷ್ಟೆಲ್ಲ ತಾಯಿಯೊಬ್ಬಳೇ ನೆನಪಿಡಬೇಕಾ? ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಒಂದು ಸಾಲು ಬರೆದರೆ ಸಾಕು: ‘ಮಗು ಜೊತೆಗಿರಲಿ, ಇಲ್ಲದಿರಲಿ, ಎದೆಹಾಲು, ಪಂಪ್, ಐಸ್ ಪ್ಯಾಕ್ ತಪಾಸಣೆ ಮಾಡಿ ಬಿಡತಕ್ಕದ್ದು.’ ಅದನ್ನು ಸ್ಕ್ಯಾನರ್ ಪಕ್ಕ ಕನ್ನಡದಲ್ಲೂ ಹಾಕಲಿ. ಆಗ ನನ್ನ ಬ್ಯಾಗ್ ತಡೆದ ಆ ಸಿಬ್ಬಂದಿಗೂ ಅನುಮಾನ ಉಳಿಯುವುದಿಲ್ಲ.

ನಮ್ಮ ನಾಯಕರು ಇದೇ ಸ್ಟುಡಿಯೋದಲ್ಲಿ ಕೂತು ‘ತಾಯಿ ಹಾಲು ಕುಡಿದಿದ್ದರೆ ಬನ್ನಿ ಚರ್ಚೆಗೆ’ ಅಂತ ತೊಡೆ ತಟ್ಟುತ್ತಾರೆ. ಅವರ ಬಾಯಲ್ಲಿ ಅದು ಪೌರುಷದ ಮಾತು, ಆ ಸಾಲಿನಲ್ಲಿ ನಿಂತ ನನ್ನ ಬಾಯಲ್ಲಿ ನಾಚಿಕೆಯ ಮಾತಾಯಿತು. ಅವತ್ತು ಮೊದಲೇ ‘ಇದು ಎದೆಹಾಲು, ಈ ಐಸ್ ಇಲ್ಲದಿದ್ದರೆ ಕೆಡುತ್ತದೆ’ ಅಂತ ಗಟ್ಟಿಯಾಗಿ ಹೇಳಿದ್ದರೆ ಏಳು ಪೊಟ್ಟಣ ಉಳಿಯುತ್ತಿದ್ದವೋ ಏನೋ. ಮುಂದಿನ ಸಲ ಸಾಲಿನಲ್ಲಿ ನಿಮ್ಮ ಮುಂದೆ ಒಬ್ಬಳು ಅಂಥ ಬ್ಯಾಗ್ ಬಿಚ್ಚುತ್ತಾ ನಿಂತಿದ್ದರೆ, ಗಡಿಯಾರ ನೋಡಿ ಗೊಣಗಬೇಡಿ. ಎರಡು ನಿಮಿಷ ಕಾಯಿರಿ. ಎಲ್ಲೋ ಒಂದು ಮಗು ಅದಕ್ಕಾಗಿ ಕಾಯುತ್ತಿದೆ.