ಕಾಳಗದ ಆಟಗಳೂ ತೆರಿಗೆಯೂ

ಅಡಿಕೆ ಕೊಯ್ಲಿನ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಮನೆಗಳನ್ನು ಕಂಡವರಿಗೆ ಒಂದು ದೃಶ್ಯವು ಪರಿಚಿತವಾದುದು. ರಾತ್ರಿ ಊಟವಾದ ಮೇಲೂ ಹಿರಿಯರು ಅಡಿಕೆ ಸುಲಿಯುತ್ತ ಕುಳಿತಿರುತ್ತಾರೆ. ಹಿಂದೆ ಮಕ್ಕಳೂ ಅವರ ಬಳಿಯಲ್ಲೇ ಕುಳಿತು ಕಥೆ ಕೇಳುತ್ತಿದ್ದರು. ಈಗ ಹೈಸ್ಕೂಲಿನ ಹುಡುಗನು ತಂದೆಯ ಮೊಬೈಲನ್ನು ಹಿಡಿದು ಒಳಗಿನ ಕೋಣೆಯನ್ನು ಸೇರಿ, ಗುಂಡು ಹಾರಿಸುವ ಆಟದಲ್ಲಿ ತಲ್ಲೀನನಾಗಿರುವುದೂ ಉಂಟು. ಇಂತಹ ಆಟಗಳಿಂದ ಮಕ್ಕಳು ಕ್ರೂರಿಗಳಾಗುವರೆ? ತೆರಿಗೆ ಹಾಕಿದರೆ ಈ ಚಟವು ಕಡಿಮೆಯಾದೀತೆ? ಹೊಣೆಯು ಸರ್ಕಾರದ್ದೋ, ತಂದೆತಾಯಿಗಳದ್ದೋ? ಈ ಪ್ರಶ್ನೆಗಳನ್ನು ನಾವು ಒಂದೊಂದಾಗಿ ಪರಿಶೀಲಿಸೋಣ.

ಮೊದಲು ತೆರಿಗೆಯ ತತ್ತ್ವವನ್ನು ತಿಳಿಯೋಣ. ಒಂದು ವಸ್ತುವಿನಿಂದ ಸಮಾಜಕ್ಕೆ ಹಾನಿ ತಟ್ಟುವುದಾದರೆ, ಆ ಹಾನಿಯ ಬೆಲೆಯನ್ನು ತೆರಿಗೆಯ ರೂಪದಲ್ಲಿ ವಸ್ತುವಿನ ಬೆಲೆಗೆ ಸೇರಿಸಬೇಕೆಂಬ ವಿಚಾರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ತಂಬಾಕಿನ ವಿಷಯದಲ್ಲಿ ಇದು ಫಲಿಸಿದೆ. ಬೆಲೆ ಏರಿದಂತೆ ಬಳಕೆ ಇಳಿಯುತ್ತದೆ. ಕೈಯಲ್ಲಿ ಹಣ ಕಡಿಮೆಯಿರುವ ತರುಣರಲ್ಲಿ ಈ ಇಳಿತವು ಇನ್ನೂ ಹೆಚ್ಚು.

ಆದರೆ ಮೊಬೈಲಿನ ಆಟವು ತಂಬಾಕಿನಂತಲ್ಲ. ನಮ್ಮ ಹುಡುಗರು ಹೆಚ್ಚಾಗಿ ಆಡುವ ಕಾಳಗದ ಆಟಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಸೊನ್ನೆಯ ಶೇಕಡಾ 40 ಎಷ್ಟು? ಸೊನ್ನೆಯೇ! ಆಟದೊಳಗಿನ ವೇಷಭೂಷಣಗಳನ್ನೂ ಆಯುಧಗಳ ಅಲಂಕಾರಗಳನ್ನೂ ಕೊಳ್ಳುವವರಿಂದ ಕಂಪನಿಗೆ ಆದಾಯ ಬರುತ್ತದೆ. ಕೊಳ್ಳುವವನಿಗೆ ತೆರಿಗೆಯ ಬಿಸಿ ತಟ್ಟೀತು; ಬಿಡಿಕಾಸನ್ನೂ ವೆಚ್ಚಮಾಡದೆ ನಡುರಾತ್ರಿಯವರೆಗೆ ಆಡುವವನಿಗೆ ತಟ್ಟದು. ತೆರಿಗೆಯು ಹಣವನ್ನು ಹಿಡಿಯಬಲ್ಲುದು, ಹೊತ್ತನ್ನು ಹಿಡಿಯಲಾರದು.

ನಮ್ಮ ದೇಶದಲ್ಲಿ ಆದುದೇನು? 2021ರಲ್ಲಿ ಕರ್ನಾಟಕವು ಪೊಲೀಸು ಕಾಯಿದೆಯನ್ನು ತಿದ್ದಿ ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2023ರ ಅಕ್ಟೋಬರ್ 1ರಿಂದ ಇಂತಹ ಆಟಗಳಿಗೆ ಕಟ್ಟಿದ ಪೂರ್ಣ ಮೊತ್ತದ ಮೇಲೆ ಶೇಕಡಾ 28ರ ತೆರಿಗೆ ಬಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯಿದೆಯನ್ನೇ ಅಂಗೀಕರಿಸಿತು. ಇವೆಲ್ಲವೂ ಪಣದ ಹಣವನ್ನು ಕುರಿತ ಕ್ರಮಗಳೇ ಹೊರತು ಹಿಂಸೆಯನ್ನು ಕುರಿತವಲ್ಲ ಎಂಬುದನ್ನು ಗಮನಿಸಬೇಕು. ಹಿಂಸೆಯ ಮೇಲೆಯೇ ತೆರಿಗೆ ಹಾಕುವ ಸೂಚನೆಗಳು ಹೊರದೇಶಗಳಲ್ಲಿ ಬಂದಿವೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2019ರಲ್ಲಿ ಶೇಕಡಾ 10, ಮೆಕ್ಸಿಕೊದಲ್ಲಿ 2025ರಲ್ಲಿ ಶೇಕಡಾ 8.

ಇನ್ನು ಮೂಲಪ್ರಶ್ನೆಗೆ ಬರೋಣ. ಹಿಂಸೆಯ ಆಟವು ಆಡುವವನನ್ನು ಹಿಂಸಕನನ್ನಾಗಿ ಮಾಡುವುದೆ? ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಇಂತಹ ಆಟಗಳಿಗೂ ಸಿಡುಕು, ಕೂಗಾಟ ಮೊದಲಾದ ಆಕ್ರಮಣಶೀಲ ವರ್ತನೆಗೂ ಅಲ್ಪ ಸಂಬಂಧವುಂಟು. ಆದರೆ ಕೊಲೆ ಹಲ್ಲೆಗಳಿಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ಸ್ಪಷ್ಟಪಡಿಸಿತು. ಆಕ್ಸ್‌ಫರ್ಡಿನ ಸಂಶೋಧಕರು 14–15 ವರ್ಷದ ಸುಮಾರು ಸಾವಿರ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ಸಂಬಂಧವೇ ಕಂಡುಬರಲಿಲ್ಲ.

ಹಾಗಾದರೆ ಅಪಾಯವೇ ಇಲ್ಲವೆ? ಉಂಟು, ಅದು ಬೇರೆ ಕಡೆ ಅಡಗಿದೆ. ಗೆಲುವು ಯಾವಾಗ ದೊರೆಯುವುದೆಂದು ತಿಳಿಯದಿದ್ದಾಗಲೇ ಪ್ರಯತ್ನವು ಬಿಡದೆ ಸಾಗುತ್ತದೆಂಬುದನ್ನು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. 'ಇನ್ನೊಂದೇ ಆಟ' ಎಂಬ ಸೆಳೆತದ ಗುಟ್ಟೂ ಇದೇ. ಆಟದ ಮೇಲೆ ಹತೋಟಿ ತಪ್ಪಿ, ಓದು, ನಿದ್ರೆ, ಸ್ನೇಹಗಳು ಕೆಡುತ್ತಿದ್ದರೂ ಬಿಡಲಾಗದ ಸ್ಥಿತಿಯು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಅದನ್ನು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಈ ಪಟ್ಟಿಯು 2022ರ ಜನವರಿಯಿಂದ ಜಾರಿಯಲ್ಲಿದೆ. ಇದರ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಶೇಷ ವಿಭಾಗವಿದೆ. ಆಡುವವರೆಲ್ಲರೂ ರೋಗಿಗಳಲ್ಲ, ಆದರೆ ನಿದ್ರಾಭಂಗವು ಯಾರಿಗೂ ಒಳ್ಳೆಯದಲ್ಲ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಬೆಳಗಿನ 7ರ ಬಸ್ಸು ಹಿಡಿಯಲು 5½ಕ್ಕೆ ಏಳಬೇಕಾದ ವಿದ್ಯಾರ್ಥಿಯು ರಾತ್ರಿ 1ರವರೆಗೆ ಆಡಿದರೆ ಉಳಿಯುವುದು ನಾಲ್ಕೂವರೆ ಗಂಟೆ ಮಾತ್ರ.

ಈ ಲೆಕ್ಕವನ್ನು ನೋಡಬಲ್ಲವರು ಮನೆಯವರೇ. ಒಂದು ಪ್ರಸಿದ್ಧ ಆಟವು 2023ರಲ್ಲಿ ನಮ್ಮ ದೇಶಕ್ಕೆ ಮರಳಿದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆಗಳ ಮಿತಿಯನ್ನು ವಿಧಿಸಲಾಯಿತು. ಆದರೆ ಮೊಬೈಲು ತಂದೆಯದಾದರೆ, ನಮೂದಾಗುವ ವಯಸ್ಸೂ ತಂದೆಯದೇ ಆದೀತು!

ಹಿಂಸೆಯ ದೃಶ್ಯಗಳು ನಮ್ಮ ಸೀಮೆಯ ಮಕ್ಕಳಿಗೆ ಹೊಸವಲ್ಲ. ಯಕ್ಷಗಾನದಲ್ಲಿ ಕೀಚಕನ ವಧೆಯನ್ನು ಅವರು ಕಣ್ಣರಳಿಸಿ ನೋಡಿದ್ದಾರೆ. ಆದರೆ ಅಲ್ಲಿ ಅಜ್ಜನೋ ಅಮ್ಮನೋ ಪಕ್ಕದಲ್ಲಿರುತ್ತಿದ್ದರು; ಕೀಚಕನು ಸತ್ತುದೇಕೆಂದು ಮರುದಿನ ಮನೆಯಲ್ಲಿ ಮಾತು ನಡೆಯುತ್ತಿತ್ತು. ಮೊಬೈಲಿನ ಕಾಳಗದಲ್ಲಿ ಇಲ್ಲದಿರುವುದು ಈ ಜೊತೆಯೇ. ತಂದೆತಾಯಿಗಳು ಒಮ್ಮೆ ಪಕ್ಕದಲ್ಲಿ ಕುಳಿತು ಆಟವನ್ನು ನೋಡಲಿ. ಆಡುವ ಹೊತ್ತನ್ನು ಮಕ್ಕಳೊಡನೆ ಕೂಡಿಯೇ ಗೊತ್ತುಪಡಿಸಲಿ. ರಾತ್ರಿ ಮೊಬೈಲು ಹಿರಿಯರ ಕೋಣೆಯಲ್ಲಿರಲಿ. ಸ್ವತಃ ಹಿರಿಯರೇ ಅದನ್ನು ಕೆಳಗಿಡದಿದ್ದರೆ ಅವರ ಮಾತಿಗೆ ಬೆಲೆಯಿರದು.

ವಿದ್ಯಾರ್ಥಿ ವಾಚಕರೂ ಒಂದು ಪ್ರಯೋಗವನ್ನು ಮಾಡಬಹುದು. ಒಂದು ವಾರ, ಆಟಕ್ಕೆ ಕುಳಿತ ವೇಳೆಯನ್ನೂ ಎದ್ದ ವೇಳೆಯನ್ನೂ ಬರೆದಿಡಿರಿ; ಏಳು ದಿನಗಳ ಗಂಟೆಗಳನ್ನು ಕೂಡಿಸಿರಿ. ಯಾವ ಸರ್ಕಾರವೂ ವಿಧಿಸದ ತೆರಿಗೆಯನ್ನು ನೀವು ಎಷ್ಟು ತೆರುತ್ತಿರುವಿರೆಂದು ಆಗ ತಾನಾಗಿಯೇ ತಿಳಿಯುವುದು.